ತಳಿ ಬೆಕ್ಕಿನ ನೋಂದಣಿ: ‘ಆಗಲ್ಲ’ ಅನ್ನುವ ಸಂಸ್ಥೆಗೇ ನನ್ನ ಅಂಕ

ಬೆಕ್ಕಿನ ನೋಂದಣಿ ಸೇವೆಗೆ ನಕ್ಷತ್ರ ಕೊಡುವವರು ಸಾಮಾನ್ಯವಾಗಿ ಎರಡು ವಿಷಯ ನೋಡುತ್ತಾರೆ. ಬೆಕ್ಕಿನ ವಂಶಾವಳಿ ಪತ್ರ ಎಷ್ಟು ಬೇಗ ಬಂತು, ಮೇಲ್ ಹಾಕಿದರೆ ಉತ್ತರ ಬಂತಾ ಇಲ್ವಾ. ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಬ್ರಿಟಿಷ್ ಶಾರ್ಟ್‌ಹೇರ್ ಬೆಕ್ಕು ಸಾಕಿ ಮರಿ ಮಾಡಿಸುವವಳು. ನನ್ನಲ್ಲಿ ಹುಟ್ಟಿದ ಮರಿ ಇನ್ನೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಬಾಳಬೇಕು. ಹಾಗಾಗಿ ನಾನು ಮೊದಲು ನೋಡುವುದು ಬೇರೆ: ಈ ಸಂಸ್ಥೆ ಯಾವಾಗ ‘ಆಗಲ್ಲ’ ಅನ್ನುತ್ತದೆ? ಯಾವ ಜೋಡಿಯನ್ನು ಒಪ್ಪುವುದಿಲ್ಲ, ಯಾವ ಮರಿಯನ್ನು ಬರೆದುಕೊಳ್ಳುವುದಿಲ್ಲ? ದುಡ್ಡು ಕಟ್ಟಿದವರಿಗೆಲ್ಲ ಪತ್ರ ಸಿಗುತ್ತದೆ ಅಂತಾದರೆ ಆ ಪತ್ರಕ್ಕೆ ಬೆಲೆ ಎಲ್ಲಿಂದ ಬರಬೇಕು?

ನಾನು ಇಲ್ಲಿ ಹೇಳುತ್ತಿರುವುದು ನಾಲ್ಕು ದೊಡ್ಡ ಸಂಸ್ಥೆಗಳ ನಿಯಮಗಳ ಬಗ್ಗೆ. ಅಮೆರಿಕದಲ್ಲಿ 1906ರಲ್ಲಿ ಶುರುವಾದ ಸಿಎಫ್‌ಎ, ಬ್ರಿಟನ್ನಿನಲ್ಲಿ 1910ರಲ್ಲಿ ಶುರುವಾದ ಜಿಸಿಸಿಎಫ್, ಯುರೋಪಿನಲ್ಲಿ 1949ರಲ್ಲಿ ಹುಟ್ಟಿದ ಫಿಫೆ, 1979ರಲ್ಲಿ ಬಂದ ಟಿಕಾ. ನಿಯಮ ಆಗಾಗ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ಮೊದಲು ಆ ವರ್ಷದ ಪುಸ್ತಕ ತೆಗೆದು ಓದಿ. ನಾನು ಓದಿದ್ದೇನೆ, ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡು ಓದಿದ್ದೇನೆ. ಬೆಕ್ಕು ಸಾಕುವವರು ಅದನ್ನು ಯಾಕೆ ಓದುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಮೊದಲೇ ಒಂದು ಮಾತು. ವಂಶಾವಳಿ ಪತ್ರ ಅಂದರೆ ಆರೋಗ್ಯದ ಗ್ಯಾರಂಟಿ ಅಲ್ಲ. ನನ್ನ ಗಂಡು ಬೆಕ್ಕಿನ ಪತ್ರ ಈಗ ಎದುರಿಗೇ ಇದೆ. ಎಡಗಡೆ ಅದರ ಹೆಸರು, ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಮೈಕ್ರೋಚಿಪ್ಪಿನ 15 ಅಂಕಿ. ಬಲಕ್ಕೆ ಹೋದ ಹಾಗೆ ಅಪ್ಪ ಅಮ್ಮ, ಅವರಪ್ಪ ಅವರಮ್ಮ, ಮುತ್ತಜ್ಜ ಮುತ್ತಜ್ಜಿಯರು. ಪ್ರತಿ ಹೆಸರಿನ ಕೆಳಗೆ ಒಂದು ಸಂಕೇತ. ‘ಬಿಎಸ್‌ಎಚ್ ಎ’ ಅಂದರೆ ನೀಲಿ ಬ್ರಿಟಿಷ್ ಶಾರ್ಟ್‌ಹೇರ್ (ಬೆಕ್ಕಿನವರ ಮಾತಲ್ಲಿ ನೀಲಿ ಅಂದರೆ ಬೂದು ಬಣ್ಣ). ಕೊನೆಯಲ್ಲಿ ‘ಇ’ ಇದ್ದರೆ ಕೆನೆ ಬಣ್ಣ, ‘ಜಿ’ ಇದ್ದರೆ ನೀಲಿ-ಕೆನೆ ಬೆರಕೆ. 22 ಅಂದರೆ ಅಗಲ ಸುರುಳಿಯ ಪಟ್ಟೆ, 23 ಅಂದರೆ ಸಣ್ಣ ಪಟ್ಟೆ, 24 ಅಂದರೆ ಚುಕ್ಕೆ, 33 ಅಂದರೆ ಸಯಾಮೀಸ್ ತರಹ ಮುಖ, ಕಿವಿ, ಕಾಲು, ಬಾಲ ಮಾತ್ರ ಗಾಢ. ಇದು ಫಿಫೆಯ ಸಂಕೇತ ಪದ್ಧತಿ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಯಾವ ಭಾಷೆಯವರು ಬರೆದಿದ್ದರೂ ಬೆಕ್ಕು ಕಣ್ಣಮುಂದೆ ಬಂದು ನಿಲ್ಲುತ್ತದೆ. ಆದರೆ ಅದೇ ಪತ್ರದಲ್ಲಿ ಈ ಬೆಕ್ಕಿನ ಹೃದಯ ಹೇಗಿದೆ, ಕಿಡ್ನಿ ಹೇಗಿದೆ, ರಕ್ತದ ಗುಂಪು ಯಾವುದು ಅಂತ ಒಂದಕ್ಷರವೂ ಇಲ್ಲ. ಮರಿ ಕೊಳ್ಳಲು ಬರುವವರು ಪತ್ರ ನೋಡಿದ ತಕ್ಷಣ ಸಮಾಧಾನ ಪಟ್ಟುಕೊಳ್ಳುತ್ತಾರಲ್ಲ, ಆಗ ನಾನೇ ಕೂರಿಸಿ ಇದನ್ನು ಹೇಳುತ್ತೇನೆ.

ಕೆಲಸ ಶುರುವಾಗುವುದು ಕ್ಯಾಟರಿ ಹೆಸರಿನಿಂದ, ಅಂದರೆ ಬೆಕ್ಕು ಸಾಕಿ ಮರಿ ಮಾಡಿಸುವ ನಿಮ್ಮ ಜಾಗದ ಹೆಸರಿನಿಂದ. ಇಷ್ಟದ ಹೆಸರು ಕೆಲವನ್ನು ಬರೆದು ಕಳಿಸಿದರೆ ಬೇರೆ ಯಾರಿಗೂ ಕೊಟ್ಟಿಲ್ಲದ ಒಂದನ್ನು ಅವರು ನಿಮ್ಮ ಹೆಸರಿಗೆ ಮಾಡಿಕೊಡುತ್ತಾರೆ. ಆಮೇಲೆ ನಿಮ್ಮಲ್ಲಿ ಹುಟ್ಟಿ ನೋಂದಣಿಯಾದ ಪ್ರತಿ ಮರಿಯ ಹೆಸರಿನ ಮುಂದೆ ಅದು ಇರುತ್ತದೆ. ಮರಿ ಎಷ್ಟು ಕೈ ಬದಲಾದರೂ ಅದು ಹೋಗುವುದಿಲ್ಲ. ನನಗೆ ಇದು ತುಂಬ ಸರಿ ಅನ್ನಿಸುತ್ತದೆ. ಮರಿಗೆ ಮುಂದೆ ಏನೇ ಆದರೂ ಹುಟ್ಟಿಸಿದವರ ಹೆಸರು ಅದರ ಜೊತೆಗೇ ಇರಬೇಕು.

ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಗಬ್ಬವಾದ ಬೆಕ್ಕನ್ನು ಕೊಂಡರೆ ಆ ಸೂಲಿನ ಮರಿಗಳ ಬ್ರೀಡರ್, ಅಂದರೆ ಹುಟ್ಟಿಸಿದವರು, ಯಾರು? ಕೊಂಡವರಲ್ಲ. ಸಿಎಫ್‌ಎ, ಟಿಕಾ ಎರಡರ ಲೆಕ್ಕದಲ್ಲೂ ಕೂಡಿಸಿದ ದಿನ ಹೆಣ್ಣು ಬೆಕ್ಕು ಯಾರದ್ದಾಗಿತ್ತೋ ಅವರೇ ಬ್ರೀಡರ್. ಗಂಡು ಬೇರೆಯವರದ್ದಾದರೆ ಅವರ ಒಪ್ಪಿಗೆ ಸಹಿಯೂ ಬೇಕು. ಬಾಯಿಮಾತಲ್ಲಿ ‘ಆಮೇಲೆ ಮಾಡಿಕೊಡ್ತೀನಿ ಬಿಡಿ’ ಅಂದವರು ಮರಿ ಹುಟ್ಟಿದ ಮೇಲೆ ಫೋನ್ ಎತ್ತದೇ ಇದ್ದರೆ ನಿಮ್ಮ ಮರಿಗಳಿಗೆ ಪತ್ರ ಇಲ್ಲ. ಅದಕ್ಕೆ ಕೂಡಿಸುವ ದಿನವೇ ಕಾಗದದ ಮೇಲೆ ಬರೆಸಿಕೊಳ್ಳಿ.

ಮರಿ ಹುಟ್ಟಿದ ಮೇಲೆ ಮೊದಲು ಇಡೀ ಸೂಲನ್ನು ನೋಂದಾಯಿಸಬೇಕು: ಕೂಡಿಸಿದ ದಿನ, ಹುಟ್ಟಿದ ದಿನ, ಗಂಡೆಷ್ಟು ಹೆಣ್ಣೆಷ್ಟು, ಬಣ್ಣ ಏನು. ಬೆಕ್ಕಿನ ಗಬ್ಬ ಸುಮಾರು 63ರಿಂದ 67 ದಿನ. ದಿನದ ಲೆಕ್ಕ ತಾಳೆಯಾಗದಿದ್ದರೆ ಪ್ರಶ್ನೆ ಬರಬೇಕು. ಇನ್ನೊಂದು ವಿಷಯ: ಬೆಕ್ಕಿಗೆ ಕೂಡಿದ ಮೇಲೇ ಅಂಡ ಬಿಡುಗಡೆಯಾಗುವುದು. ಹಾಗಾಗಿ ಒಂದೇ ಬೆದೆಯಲ್ಲಿ ಎರಡು ಗಂಡು ಸಿಕ್ಕರೆ ಒಂದೇ ಸೂಲಿನಲ್ಲಿ ಇಬ್ಬರು ಅಪ್ಪಂದಿರ ಮರಿಗಳು ಹುಟ್ಟಬಹುದು. ಇದು ಕಟ್ಟುಕಥೆ ಅಲ್ಲ, ಬೀದಿಯಲ್ಲಿ ದಿನಾ ಆಗುವುದೇ. ಕೂಡಿಸಿ ಬಂದ ಹೆಣ್ಣನ್ನು ಬೆದೆ ಪೂರ್ತಿ ಇಳಿಯುವವರೆಗೆ ಒಂದು ಕೋಣೆಯಲ್ಲಿ, ಕಿಟಕಿಗೂ ಜಾಲರಿ ಹಾಕಿ ಇಡಬೇಕಾಗುವುದು ಇದಕ್ಕೇ. ಬೇರೆ ಗಂಡು ಸಿಕ್ಕಿತು ಅನ್ನುವ ಅನುಮಾನ ಇದ್ದರೆ ಡಿಎನ್‌ಎ ಪರೀಕ್ಷೆ ಇಲ್ಲದೆ ನೋಂದಣಿ ಕೇಳಲೇಬಾರದು.

ಈಗ ಬಣ್ಣದ ವಿಷಯ. ಯಾವುದೇ ನೋಂದಣಿ ಕಚೇರಿ ನಿಜವಾಗಿ ಕೆಲಸ ಮಾಡುತ್ತಿದೆಯೋ, ಬರೀ ಮುದ್ರೆ ಒತ್ತುತ್ತಿದೆಯೋ ಅಂತ ನಾನು ಕಂಡುಹಿಡಿಯುವುದು ಇದರಿಂದಲೇ.

ನನ್ನ ಗಂಡು ನೀಲಿ, ಹೆಣ್ಣುಗಳಲ್ಲಿ ಒಬ್ಬಳು ಕೆನೆ ಬಣ್ಣದವಳು. ಕೆಂಪು ಮತ್ತು ಕೆನೆ ಕೊಡುವ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಗಂಡು ಮರಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ. ಅಮ್ಮ ಕೆನೆಯಾದರೆ ಗಂಡು ಮರಿಗಳೆಲ್ಲ ಕೆನೆಯೇ. ಹೆಣ್ಣು ಮರಿಗೆ ಅಮ್ಮನದೊಂದು, ಅಪ್ಪನದೊಂದು ಎಕ್ಸ್ ಬರುವುದರಿಂದ ಎರಡೂ ಬಣ್ಣ ಬೆರೆತು ನೀಲಿ-ಕೆನೆ ಆಗುತ್ತದೆ. ಇದೇ ಹೆಣ್ಣು ಗಂಡನ್ನು ಅದಲುಬದಲು ಮಾಡಿ, ಅಮ್ಮ ನೀಲಿ ಅಪ್ಪ ಕೆನೆ ಅಂದರೆ, ಗಂಡು ಮರಿಗಳು ನೀಲಿ. ಇನ್ನೊಂದು ಲೆಕ್ಕ: ನೀಲಿ, ಕೆನೆ ಎರಡೂ ತಿಳಿಬಣ್ಣ. ತಿಳಿಬಣ್ಣದ ಎರಡು ಬೆಕ್ಕುಗಳಿಗೆ ಕಪ್ಪು ಮರಿ ಹುಟ್ಟುವುದಿಲ್ಲ. ಉದ್ದ ಕೂದಲಿನ ಎರಡು ಬ್ರಿಟಿಷ್ ಬೆಕ್ಕುಗಳಿಗೆ ಗಿಡ್ಡ ಕೂದಲಿನದು ಹುಟ್ಟುವುದಿಲ್ಲ. ಆದರೆ ಗಿಡ್ಡ ಕೂದಲಿನ ಎರಡಕ್ಕೆ ಉದ್ದ ಕೂದಲಿನದು ಹುಟ್ಟಬಹುದು, ಇಬ್ಬರೂ ಆ ಜೀನನ್ನು ಒಳಗಿಟ್ಟುಕೊಂಡಿದ್ದರೆ. ಇಷ್ಟು ಗೊತ್ತಿದ್ದರೆ ಅರ್ಜಿ ನೋಡಿದ ಕೂಡಲೇ ಅರ್ಧ ತಪ್ಪು ಹಿಡಿಯಬಹುದು.

ಗೆಳತಿಯೊಬ್ಬರು ಒಂದು ನೀಲಿ ಗಂಡು ಮರಿ ತಂದರು. ಮುಂದೆ ಅವನಿಂದ ಮರಿ ಮಾಡಿಸುವ ಆಸೆ ಅವರಿಗೆ. ಪತ್ರ ತೋರಿಸಿದರು. ಅಪ್ಪ ನೀಲಿ, ಅಮ್ಮ ಕೆನೆ. ‘ಅಮ್ಮಾ, ಈ ಪತ್ರ ತಪ್ಪು’ ಅಂದೆ. ಅವರ ಮುಖ ಬಾಡಿಹೋಯಿತು. ಪತ್ರ ಕೊಟ್ಟ ಸಂಸ್ಥೆಗೆ ಬರೆದೆವು. ಹೆಸರು ಇಲ್ಲಿ ಬೇಡ. ‘ಬ್ರೀಡರ್ ಬರೆದುಕೊಟ್ಟಿದ್ದನ್ನು ನಾವು ದಾಖಲು ಮಾಡುತ್ತೇವೆ, ಅಷ್ಟೇ’ ಅಂತ ಉತ್ತರ ಬಂತು. ಮತ್ತೆ ಬರೆದೆವು, ಎಕ್ಸ್ ಕ್ರೋಮೋಸೋಮಿನ ಲೆಕ್ಕವನ್ನೂ ಬಿಡಿಸಿಟ್ಟೆವು. ಅದಕ್ಕೆ ಉತ್ತರವೇ ಇಲ್ಲ. ಕೊನೆಗೆ ಬ್ರೀಡರ್ ಹೆಂಗಸೇ ಒಳ್ಳೆಯವರು, ತಾವೇ ಮುಂದೆ ಬಂದು ಪರೀಕ್ಷೆ ಮಾಡಿಸಿದರು. ಕೆನ್ನೆಯ ಒಳಭಾಗಕ್ಕೆ ಹತ್ತಿ ಕಡ್ಡಿ ಸವರಿ ಮಾದರಿ ತೆಗೆದು, ಒಣಗಿಸಿ, ಲ್ಯಾಬಿಗೆ ಕಳಿಸುವುದು. ಫಲಿತಾಂಶ ಬಂದಾಗ ಅಪ್ಪ ಸರಿಯಾಗಿಯೇ ಇದ್ದ. ಅಮ್ಮ ಬೇರೆ! ಅವರಲ್ಲಿ ಅದೇ ವಾರ ಒಂದು ನೀಲಿ ಹೆಣ್ಣು ಕೂಡ ಮರಿ ಹಾಕಿತ್ತು. ಎರಡು ತಾಯಿಯರೂ ಒಂದೇ ಪೆಟ್ಟಿಗೆಯಲ್ಲಿ ಮಲಗಿ, ಎಲ್ಲ ಮರಿಗಳಿಗೂ ಹಾಲು ಕುಡಿಸುತ್ತಿದ್ದವು. ಬೆಕ್ಕುಗಳು ಹೀಗೆ ಮಾಡುತ್ತವೆ, ಒಂದರ ಮರಿಯನ್ನು ಇನ್ನೊಂದು ಬಾಯಲ್ಲಿ ಕಚ್ಚಿಕೊಂಡು ತಂದುಬಿಡುತ್ತದೆ. ಯಾರದು ಯಾವುದು ಅಂತ ಅಲ್ಲಿಗೇ ಕಲಸಿಹೋಗಿದೆ.

ಬ್ರೀಡರ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಕಚೇರಿಯ ಮೇಲೆ. ಅಪ್ಪ ಅಮ್ಮನ ಬಣ್ಣ ಅವರ ದಾಖಲೆಯಲ್ಲೇ ಇತ್ತು. ಮರಿಯ ಬಣ್ಣ ಅರ್ಜಿಯಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ನೋಂದಣಿ ಅಂದರೆ ಬರೆದುಕೊಳ್ಳುವುದಷ್ಟೇ ಆದರೆ ಅದನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಮಾಡಿಕೊಳ್ಳುತ್ತೇನೆ, ಶುಲ್ಕ ಯಾಕೆ ಕಟ್ಟಲಿ?

ಹಾಗಂತ ಬಣ್ಣ ಹೇಳುವುದು ಸುಲಭ ಅಂತ ತಿಳಿಯಬೇಡಿ. ನೀಲಿ-ಕೆನೆ ಹೆಣ್ಣು ಮರಿ ಕೆಲವೊಮ್ಮೆ ಪೂರ್ತಿ ನೀಲಿಯಾಗಿಯೇ ಕಾಣುತ್ತದೆ. ಎಲ್ಲೋ ಒಂದು ಕಡೆ ಕಾಳಿನಷ್ಟು ಕೆನೆ. ನಾನು ಮರಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿ, ಬೆಳಕಿಗೆ ಹಿಡಿದು, ನಾಲ್ಕು ಪಾದ ತಿರುಗಿಸಿ ನೋಡುತ್ತೇನೆ. ಬೂದು ಬಣ್ಣದ ಅಂಗಾಲಿನ ಮೆತ್ತೆಯಲ್ಲಿ ಒಂದು ಗುಲಾಬಿ ಚುಕ್ಕೆ, ಒಂದು ಬೆರಳಿನ ತುದಿಯಲ್ಲಿ ನಾಲ್ಕು ಕೆನೆ ಕೂದಲು ಕಂಡರೆ ಅವಳು ನೀಲಿ ಅಲ್ಲ, ನೀಲಿ-ಕೆನೆ. ಸುಮ್ನೆ ‘ನೀಲಿ’ ಅಂತ ಬರೆದು ಕಳಿಸಿಬಿಟ್ಟರೆ, ಅವಳು ದೊಡ್ಡವಳಾಗಿ ಕೆನೆ ಗಂಡು ಮರಿ ಹಾಕಿದ ದಿನ ಯಾರಿಗೂ ತಲೆಬುಡ ಅರ್ಥವಾಗುವುದಿಲ್ಲ. ಗಂಡು ಹೆಣ್ಣು ಗುರುತಿಸುವುದೂ ಅಷ್ಟೇ, ಹುಟ್ಟಿದ ವಾರದಲ್ಲಿ ಅನುಭವ ಇದ್ದವರೂ ಎಡವುತ್ತಾರೆ. ಆದ್ದರಿಂದ ಮೊದಲ ವಾರದಲ್ಲೇ ಅರ್ಜಿ ಕಳಿಸುವ ಆತುರ ನನಗಿಲ್ಲ.

ಈ ವಿಷಯದಲ್ಲಿ ಟಿಕಾ ನನಗೆ ಇಷ್ಟ. ಅದು ತನ್ನನ್ನು ತಾನು ಅನುವಂಶೀಯತೆಯ ಆಧಾರದ ನೋಂದಣಿ ಸಂಸ್ಥೆ ಅಂತಲೇ ಕರೆದುಕೊಳ್ಳುತ್ತದೆ. ನೋಂದಣಿ ಸಂಖ್ಯೆಯ ಮೊದಲ ಅಕ್ಷರಗಳೇ ಬೆಕ್ಕಿನ ಹಿನ್ನೆಲೆ ಹೇಳುತ್ತವೆ. ‘ಎಸ್‌ಬಿಟಿ’ ಅಂತ ಇದ್ದರೆ ಹಿಂದಿನ ಮೂರು ತಲೆಮಾರು ಪೂರ್ತಿ ಅದೇ ತಳಿ. ಬೆಂಗಾಲ್ ಬೆಕ್ಕು ಕೊಳ್ಳುವವರಿಗೆ ಇದು ಬಹಳ ಮುಖ್ಯ. ಆ ತಳಿ ಬಂದಿರುವುದು ಏಷ್ಯಾದ ಚಿರತೆ ಬೆಕ್ಕನ್ನು ಸಾಕುಬೆಕ್ಕಿನ ಜೊತೆ ಸೇರಿಸಿ. ಕಾಡು ರಕ್ತ ಹತ್ತಿರ ಇರುವ ಮೊದಲ ತಲೆಮಾರುಗಳ ಗಂಡುಗಳಿಗೆ ಸಾಮಾನ್ಯವಾಗಿ ಮರಿಯೇ ಆಗುವುದಿಲ್ಲ, ಸ್ವಭಾವವೂ ಬೇರೆ. ಮಾರುವವರು ಬಾಯಲ್ಲಿ ಏನೇ ಹೇಳಲಿ, ಸಂಖ್ಯೆಯ ಆ ಮೂರಕ್ಷರ ನೋಡಿದರೆ ಗೊತ್ತಾಗುತ್ತದೆ.

ಇನ್ನು ‘ಆಗಲ್ಲ’ ಅನ್ನುವ ನಿಯಮಗಳು.

ಫಿಫೆಯ ಪುಸ್ತಕ ಈ ವಿಷಯದಲ್ಲಿ ಗಟ್ಟಿ. ಒಂದು ಹೆಣ್ಣು 24 ತಿಂಗಳಲ್ಲಿ ಮೂರಕ್ಕಿಂತ ಜಾಸ್ತಿ ಸೂಲು ಹಾಕುವಂತಿಲ್ಲ. ಗಂಡನ್ನು ಕೂಡಿಸಲು ಬಿಡಬೇಕಾದರೆ ಅದರ ಎರಡೂ ಬೀಜ ಚೀಲಕ್ಕೆ ಸರಿಯಾಗಿ ಇಳಿದಿವೆ ಅಂತ ಪಶುವೈದ್ಯರ ಪತ್ರ ಬೇಕು. ಒಂದು ಬೀಜ ಹೊಟ್ಟೆಯಲ್ಲೇ ಉಳಿಯುವ ದೋಷ ವಂಶದಲ್ಲಿ ಹರಿಯುತ್ತದೆ, ಅದಕ್ಕೆ. ಬಿಳಿ ಬೆಕ್ಕಿಗೆ ಕಿವಿ ಕೇಳುತ್ತದೆ ಅಂತ ಯಂತ್ರದಲ್ಲಿ ಪರೀಕ್ಷಿಸಿದ ಪ್ರಮಾಣಪತ್ರ ಬೇಕು, ಕಿವುಡು ಬೆಕ್ಕಿನಿಂದ ಮರಿ ಮಾಡಿಸುವಂತಿಲ್ಲ. ಚಪ್ಪಾಳೆ ತಟ್ಟಿ ನೋಡಿದರೆ ಸಾಲದು. ಒಂದೇ ಕಿವಿ ಕೇಳುವ ಬೆಕ್ಕು ಮನೆಯಲ್ಲಿ ಎಲ್ಲರಂತೆಯೇ ಓಡಾಡಿಕೊಂಡಿರುತ್ತದೆ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಈ ಮೂರು ನಿಯಮದಲ್ಲಿ ಒಂದೂ ಪ್ರದರ್ಶನದ ಬಹುಮಾನಕ್ಕೆ ಸಂಬಂಧಪಟ್ಟದ್ದಲ್ಲ. ಮೂರೂ ಬೆಕ್ಕಿನ ಮೈಗೆ ಸಂಬಂಧಪಟ್ಟದ್ದು. ಅದಕ್ಕೇ ಫಿಫೆಗೆ ನನ್ನ ಕೈಯಿಂದ ಜಾಸ್ತಿ ಅಂಕ.

ಜಿಸಿಸಿಎಫ್‌ನಲ್ಲಿ ನನಗೆ ಹಿಡಿಸಿದ್ದು ಎರಡು. ಒಂದು, ಮರಿ 13 ವಾರ ತುಂಬುವವರೆಗೆ, ಲಸಿಕೆ ಮುಗಿಯುವವರೆಗೆ ಹೊಸ ಮನೆಗೆ ಹೋಗುವಂತಿಲ್ಲ. ಎಂಟು ವಾರಕ್ಕೇ ಮರಿ ಕೊಡಿ ಅಂತ ದುಂಬಾಲು ಬೀಳುವವರು ಇದ್ದಾರೆ. ಆ ಹೊತ್ತಿಗೆ ಮರಿ ಮುದ್ದಾಗಿರುತ್ತದೆ, ನಿಜ. ಆದರೆ ಕಚ್ಚಿದರೆ ಎಷ್ಟು ನೋವಾಗುತ್ತದೆ, ಉಗುರು ಯಾವಾಗ ಒಳಗೆ ಎಳೆದುಕೊಳ್ಳಬೇಕು, ಇದನ್ನೆಲ್ಲ ಮರಿ ಕಲಿಯುವುದು ಅಮ್ಮನಿಂದ ಏಟು ತಿಂದು, ಒಡಹುಟ್ಟಿದವರ ಜೊತೆ ಹೊರಳಾಡಿ. ಆ ನಾಲ್ಕೈದು ವಾರವನ್ನು ಯಾವ ತರಬೇತಿಯೂ ಮತ್ತೆ ತಂದುಕೊಡುವುದಿಲ್ಲ. ಎರಡನೆಯದು, ಅವರ ದಾಖಲೆಯಲ್ಲಿ ಮರಿ ಮಾಡಿಸಲು ಅನುಮತಿ ಇರುವ ಬೆಕ್ಕು, ಇಲ್ಲದ ಬೆಕ್ಕು ಅಂತ ಎರಡು ಪಟ್ಟಿ. ಬ್ರೀಡರ್ ಒಂದು ಮರಿಯನ್ನು ಅನುಮತಿ ಇಲ್ಲದ ಪಟ್ಟಿಗೆ ಹಾಕಿದರೆ, ಮುಂದೆ ಅದಕ್ಕೆ ಹುಟ್ಟಿದ ಮರಿಗಳಿಗೆ ನೋಂದಣಿ ಇಲ್ಲ.

ಸಿಎಫ್‌ಎ ಇದೇ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡುತ್ತದೆ, ಅದು ಜಾಣತನದ್ದು. ಸೂಲು ನೋಂದಾಯಿಸಿದ ಮೇಲೆ ಪ್ರತಿ ಮರಿಗೂ ಒಂದು ಚೀಟಿ ಬರುತ್ತದೆ, ಸಾಕುವವರೆಲ್ಲ ಬ್ಲೂ ಸ್ಲಿಪ್ ಅನ್ನುತ್ತಾರೆ. ಅದರ ಜೊತೆ ಒಂದು ಗುಟ್ಟಿನ ಪಿನ್ ಸಂಖ್ಯೆ. ಮರಿ ಕೊಳ್ಳುವವರಿಗೆ ನಾನು ಚೀಟಿ ಕೊಡಬಹುದು, ಪಿನ್ ನನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ಪಿನ್ ಇಲ್ಲದೆ ನೋಂದಾಯಿಸಿದರೆ ಆ ಬೆಕ್ಕು ‘ಮರಿ ಮಾಡಿಸಲು ಅಲ್ಲ’ ಅಂತಲೇ ದಾಖಲಾಗುತ್ತದೆ. ಪಿನ್ ಬ್ರೀಡರ್ ಕೈಯಲ್ಲಿರುವುದು ಒಳ್ಳೆಯದು. ಆದರೆ ಪಿನ್ ಕೊಡುವ ಬ್ರೀಡರ್ ಆ ಬೆಕ್ಕಿನ ಕಿಡ್ನಿ ಪರೀಕ್ಷೆ ಮಾಡಿಸಿದ್ದಾರಾ ಅಂತ ಕೇಳುವವರಿಲ್ಲ. ಸಿಎಫ್‌ಎ ಆಗಲಿ, ಟಿಕಾ ಆಗಲಿ, ಆರೋಗ್ಯದ ಪರೀಕ್ಷೆಯನ್ನು ಬಹುಮಟ್ಟಿಗೆ ಸಾಕುವವರ ಮನಸ್ಸಾಕ್ಷಿಗೆ ಬಿಟ್ಟಿವೆ. ನನ್ನ ಅಂಕ ಕಡಿಮೆಯಾಗುವುದು ಇಲ್ಲಿ.

ಯಾಕೆ ಅಂತ ಹೇಳುತ್ತೇನೆ. ಪರ್ಷಿಯನ್ ಬೆಕ್ಕುಗಳಲ್ಲಿ ಕಿಡ್ನಿ ತುಂಬ ನೀರುಗುಳ್ಳೆ ಬೆಳೆಯುವ ಒಂದು ಕಾಯಿಲೆ ಇದೆ, ಪಿಕೆಡಿ. ಅದಕ್ಕೆ ಕಾರಣವಾದ ಜೀನ್ ದೋಷ ಪತ್ತೆಯಾಗಿದ್ದು 2004ರಲ್ಲಿ. ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ದರೂ ಸಾಕು, ಮರಿಗಳಲ್ಲಿ ಅರ್ಧಕ್ಕೆ ಬರಬಹುದು. ಬ್ರಿಟಿಷ್ ಬೆಕ್ಕುಗಳಿಗೆ ಹಿಂದೆ ಪರ್ಷಿಯನ್ ಬೆರೆಸಿದ್ದರಿಂದ ನಮ್ಮ ತಳಿಗೂ ಬಂದಿದೆ. ಇದಕ್ಕೆ ಬೇಕಾದ ಪರೀಕ್ಷೆ ಒಂದು ಹತ್ತಿ ಕಡ್ಡಿ. ಕೂಡಿಸುವ ಬೆಕ್ಕುಗಳಿಗೆಲ್ಲ ಒಂದು ಸಲ ಮಾಡಿಸಿ, ದೋಷ ಇರುವುದನ್ನು ಕೂಡಿಸದೇ ಬಿಟ್ಟರೆ ಆ ಕಾಯಿಲೆ ಒಂದೇ ತಲೆಮಾರಿನಲ್ಲಿ ಆ ಮನೆಯಿಂದ ಹೋಗುತ್ತದೆ. ಇಷ್ಟು ಸುಲಭದ್ದನ್ನು ಕಡ್ಡಾಯ ಮಾಡಲು ಏನು ಅಡ್ಡಿ? ಮೇನ್ ಕೂನ್ ಬೆಕ್ಕಿನ ಹೃದಯದ ಗೋಡೆ ದಪ್ಪವಾಗುವ ಕಾಯಿಲೆಗೆ ಒಂದು ಜೀನ್ ಪರೀಕ್ಷೆ 2005ರಿಂದ, ರ‍್ಯಾಗ್‌ಡಾಲ್‌ಗೆ 2007ರಿಂದ ಸಾಧ್ಯವಾಗಿದೆ. ನಮ್ಮ ಬ್ರಿಟಿಷ್ ಬೆಕ್ಕಿಗೂ ಆ ಹೃದಯದ ಕಾಯಿಲೆ ಬರುತ್ತದೆ, ಆದರೆ ಜೀನ್ ಪರೀಕ್ಷೆ ಇಲ್ಲ. ಹೃದ್ರೋಗ ನೋಡುವ ಪಶುವೈದ್ಯರ ಹತ್ತಿರ ಸ್ಕ್ಯಾನ್ ಮಾಡಿಸಬೇಕು. ಒಮ್ಮೆ ಸರಿ ಇದ್ದರೆ ಮುಗಿಯಿತು ಅಂತಲೂ ಅಲ್ಲ, ಮತ್ತೆ ಮತ್ತೆ ಮಾಡಿಸಬೇಕು. ಸ್ವೀಡನ್ನಿನ ಪಾಪೆಡ್ಸ್ ಅನ್ನುವ ಸಂಸ್ಥೆ ಇಂಥ ಸ್ಕ್ಯಾನಿನ ಫಲಿತಾಂಶಗಳನ್ನು ವಂಶಾವಳಿ ಜೊತೆ ಸೇರಿಸಿ ಎಲ್ಲರಿಗೂ ಕಾಣುವಂತೆ ಇಡುವ ಕೆಲಸ ಮಾಡುತ್ತಿದೆ. ನೋಂದಣಿ ಸಂಸ್ಥೆಗಳು ಅದನ್ನು ನೋಡಿ ಕಲಿಯಬೇಕು.

ರಕ್ತದ ಗುಂಪಿನದು ಇನ್ನೂ ಹೊಟ್ಟೆ ಉರಿಸುವ ವಿಷಯ. ಬೆಕ್ಕುಗಳಲ್ಲಿ ಹೆಚ್ಚಿನವು ಎ ಗುಂಪು. ಬ್ರಿಟಿಷ್ ಶಾರ್ಟ್‌ಹೇರ್, ಡೆವನ್ ರೆಕ್ಸ್ ಅಂಥ ತಳಿಗಳಲ್ಲಿ ಬಿ ಗುಂಪಿನವೂ ಸಾಕಷ್ಟು ಇರುತ್ತವೆ. ಬಿ ಗುಂಪಿನ ಅಮ್ಮನಿಗೆ ಎ ಗುಂಪಿನ ಮರಿ ಹುಟ್ಟಿದರೆ ಅಮ್ಮನ ಗಿಣ್ಣು ಹಾಲೇ ಮರಿಯ ರಕ್ತವನ್ನು ಒಡೆಯುತ್ತದೆ. ಚೆನ್ನಾಗಿ ಹುಟ್ಟಿ, ಚೆನ್ನಾಗಿ ಹಾಲು ಕುಡಿದ ಮರಿ ಒಂದೆರಡು ದಿನದಲ್ಲಿ ಬಾಡಿ ಸಾಯುತ್ತದೆ. ಮೂತ್ರ ಕೆಂಪಾಗಿ ಹೋಗುತ್ತದೆ. ಬದುಕಿದ ಕೆಲವಕ್ಕೆ ಬಾಲದ ತುದಿ ಒಣಗಿ ಉದುರುತ್ತದೆ. ಇಂಥ ಮರಿ ಸತ್ತಾಗ ‘ಏನೋ ಸೋಂಕು’ ಅಂದುಕೊಂಡು ಸುಮ್ಮನಾಗುವವರು ಎಷ್ಟೋ ಜನ. ಮೊದಲೇ ಗುಂಪು ಗೊತ್ತಿದ್ದರೆ ಮಾಡಬೇಕಾದ್ದು ಇಷ್ಟೇ: ಬಿ ಅಮ್ಮನಿಗೆ ಬಿ ಗಂಡನ್ನೇ ಹುಡುಕಿ. ಇಲ್ಲವೇ ಹುಟ್ಟಿದ ಮರಿಗಳನ್ನು ಮೊದಲ ದಿನ ಅಮ್ಮನಿಂದ ಬೇರೆ ಇಟ್ಟು, ಬಾಟಲಿ ಹಾಲು ಕೊಟ್ಟು, ಆಮೇಲೆ ಬಿಡಿ. ಕೂಡಿಸುವ ಅರ್ಜಿಯಲ್ಲಿ ಅಪ್ಪ ಅಮ್ಮರ ರಕ್ತದ ಗುಂಪಿಗೆ ಒಂದು ಖಾನೆ ಇದ್ದರೆ ಸಾಕಿತ್ತು. ಬಣ್ಣಕ್ಕೆ ಅಷ್ಟೊಂದು ಖಾನೆ ಇವೆ, ಇದಕ್ಕೂ ಒಂದು ಇರಲಿ ಅಂತ ನಾನು ಕೇಳುತ್ತಲೇ ಇದ್ದೇನೆ.

ಕಿವಿ ಮಡಚಿದ ತಳಿಯಾದ ಸ್ಕಾಟಿಷ್ ಫೋಲ್ಡ್ ಬಗ್ಗೆ ಬರೆಯದೇ ಇರಲಾರೆ, ಯಾಕೆಂದರೆ ನನ್ನ ಗಂಡನ್ನು ಫೋಲ್ಡ್ ಹೆಣ್ಣಿಗೆ ಕೂಡಿಸಲು ಕೊಡಿ ಅಂತ ಕೇಳಿಕೊಂಡು ಬರುವವರಿದ್ದಾರೆ. ನಾನು ಕೊಡುವುದಿಲ್ಲ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ತೋಟದ ಮನೆಯಲ್ಲಿ ಕಿವಿ ಮಡಚಿದ ಬಿಳಿ ಹೆಣ್ಣು ಬೆಕ್ಕೊಂದು ಸಿಕ್ಕಿತು. ಸೂಸಿ ಅಂತ ಅದರ ಹೆಸರು, ಇಡೀ ತಳಿ ಅದರಿಂದ ಬಂದಿದ್ದು. ಕಿವಿ ಮಡಚುವುದು ಮೆದುಮೂಳೆಯ ದೋಷದಿಂದ. ಆ ದೋಷ ಕಿವಿಗಷ್ಟೇ ನಿಲ್ಲುವುದಿಲ್ಲ, ಕಾಲಿನ ಗಂಟು, ಬಾಲ ಎಲ್ಲ ಕಡೆ ಇರುತ್ತದೆ. ಮಡಚಿದ ಕಿವಿಯದನ್ನು ನೆಟ್ಟಗಿನ ಕಿವಿಯದಕ್ಕೇ ಕೂಡಿಸಿದರೆ ತೊಂದರೆ ಇಲ್ಲ ಅನ್ನುತ್ತಾರೆ. ದೋಷದ ಜೀನ್ ಒಂದೇ ಬಂದರೂ ಮೂಳೆಗೆ ಪೆಟ್ಟು ಇದ್ದೇ ಇದೆ, ಎರಡು ಬಂದರೆ ಬೇಗ ಮತ್ತು ಜೋರಾಗಿ ಬರುತ್ತದೆ ಅಷ್ಟೇ. ಮೆಟ್ಟಿಲು ಹತ್ತಲು ಹಿಂಜರಿಯುವ ಫೋಲ್ಡ್ ಬೆಕ್ಕನ್ನು ‘ಶಾಂತ ಸ್ವಭಾವ’ ಅಂತ ಹೊಗಳುವುದನ್ನು ಕೇಳಿದಾಗ ನನಗೆ ಕರುಳು ಹಿಂಡಿದಂತಾಗುತ್ತದೆ. ಜಿಸಿಸಿಎಫ್ 1970ರ ದಶಕದಲ್ಲೇ ಈ ತಳಿಯ ನೋಂದಣಿ ನಿಲ್ಲಿಸಿತು. ಫಿಫೆಯೂ ಮಾನ್ಯ ಮಾಡುವುದಿಲ್ಲ. ಸಿಎಫ್‌ಎ, ಟಿಕಾ ಮಾಡುತ್ತವೆ. ಗಿಡ್ಡ ಕಾಲಿನ ಮಂಚ್‌ಕಿನ್ ಬೆಕ್ಕನ್ನು ಟಿಕಾ ಒಪ್ಪಿಕೊಂಡಿದೆ, ಸಿಎಫ್‌ಎ ಒಪ್ಪಿಲ್ಲ. ಒಂದೊಂದು ಕಡೆ ಒಂದೊಂದು ‘ಆಗಲ್ಲ’. ಹಾಗಾಗಿಯೇ ಇಲ್ಲಿ ಬೇಡ ಅಂದದ್ದನ್ನು ಅಲ್ಲಿ ನೋಂದಾಯಿಸುವವರು ಹುಟ್ಟಿಕೊಂಡಿದ್ದಾರೆ.

ಹಾಗಂತ ‘ಆಗಲ್ಲ’ ಅನ್ನುವುದೆಲ್ಲ ಒಳ್ಳೆಯದೇ? ಅಲ್ಲ. ಬರ್ಮೀಸ್ ತಳಿಯ ಕಥೆ ನೋಡಿ. ಪಶ್ಚಿಮದ ದೇಶಗಳಲ್ಲಿ ಆ ತಳಿ ಶುರುವಾಗಿದ್ದು ವಾಂಗ್ ಮಾವ್ ಅನ್ನುವ ಒಂದೇ ಹೆಣ್ಣು ಬೆಕ್ಕಿನಿಂದ. 1930ರಲ್ಲಿ ಅದನ್ನು ಅಮೆರಿಕಕ್ಕೆ ತಂದಿದ್ದರು. ಜೊತೆಗೆ ಬೇರೆ ಬರ್ಮೀಸ್ ಇರಲಿಲ್ಲವಲ್ಲ, ಸಯಾಮೀಸ್ ಜೊತೆಗೇ ಕೂಡಿಸಿದರು. ಆಮೇಲೂ ಸಯಾಮೀಸ್ ಬೆರೆಸುವುದು ನಡೆದೇ ಇತ್ತು. ಅದಕ್ಕೇ ಸಿಎಫ್‌ಎ 1947ರಲ್ಲಿ ಬರ್ಮೀಸ್ ನೋಂದಣಿಯನ್ನೇ ನಿಲ್ಲಿಸಿಬಿಟ್ಟಿತು. ಶುದ್ಧ ತಲೆಮಾರುಗಳು ಬಂದ ಮೇಲೆ, 1950ರ ದಶಕದಲ್ಲಿ ಮತ್ತೆ ತೆರೆಯಿತು. ಆ ಕಾಲದ ಲೆಕ್ಕದಲ್ಲಿ ಅದು ಶಿಸ್ತು. ಆದರೆ ಸಣ್ಣ ಬುಡದ ತಳಿಗೆ ಬಾಗಿಲು ಹಾಕಿಬಿಟ್ಟರೆ ಒಳಗಿನ ದೋಷಕ್ಕೆ ಹೊರಹೋಗುವ ದಾರಿ ಇರುವುದಿಲ್ಲ. ಅಮೆರಿಕದ ಬರ್ಮೀಸ್‌ನಲ್ಲಿ ಮರಿಗಳ ತಲೆ ಸರಿಯಾಗಿ ರೂಪುಗೊಳ್ಳದ ಒಂದು ಭೀಕರ ದೋಷ ಹರಡಿತು. ಗುಂಡು ಮುಖ ಬೇಕು ಅಂತ ಆರಿಸಿದ ವಂಶದಲ್ಲೇ ಅದು ಇತ್ತು.

ಆದ್ದರಿಂದ ಜೋಡಿ ಆರಿಸುವಾಗ ನಾನು ರಕ್ತಸಂಬಂಧದ ಲೆಕ್ಕ ಹಾಕುತ್ತೇನೆ. ಅಣ್ಣ ತಂಗಿಯನ್ನು ಕೂಡಿಸಿದರೆ ಮರಿಯಲ್ಲಿ ರಕ್ತಸಂಬಂಧದ ಪ್ರಮಾಣ 25 ಶೇಕಡಾ, ಅಪ್ಪ ಅಮ್ಮರಲ್ಲಿ ಒಬ್ಬರು ಮಾತ್ರ ಒಂದೇ ಆಗಿರುವವರನ್ನು ಕೂಡಿಸಿದರೆ 12.5, ಅಣ್ಣತಮ್ಮಂದಿರ ಮಕ್ಕಳಾದರೆ 6.25. ಇದು ಹತ್ತಿರದ ಸಂಬಂಧ ಒಂದೇ ಲೆಕ್ಕಕ್ಕೆ. ಹಿಂದಿನ ಹತ್ತು ತಲೆಮಾರಿನಲ್ಲಿ ಒಂದೇ ಹೆಸರಿನ ಗಂಡು ಮತ್ತೆ ಮತ್ತೆ ಬಂದಿದ್ದರೆ ನಿಜವಾದ ಸಂಖ್ಯೆ ಇನ್ನೂ ಜಾಸ್ತಿ. ಪತ್ರದಲ್ಲಿ ಕಾಣುವ ಮೂರ್ನಾಲ್ಕು ತಲೆಮಾರು ನೋಡಿ ‘ಸಂಬಂಧವೇ ಇಲ್ಲ’ ಅನ್ನುವುದು ಸರಿಯಲ್ಲ. ಫಿಫೆಯಲ್ಲಿ ಪೂರ್ತಿ ವಂಶ ಗೊತ್ತಿಲ್ಲದ ಬೆಕ್ಕಿಗೂ ಒಂದು ಪ್ರಾಯೋಗಿಕ ಪುಸ್ತಕ ಇದೆ, ಅಲ್ಲಿಂದ ತಲೆಮಾರು ದಾಟಿ ಮುಖ್ಯ ಪುಸ್ತಕಕ್ಕೆ ಬರಬಹುದು. ಹೊಸ ರಕ್ತಕ್ಕೆ ಕಾವಲಿನ ಜೊತೆಗೆ ತೆರೆದ ಬಾಗಿಲು ಇದು. ಬೀಗ ಹಾಕುವ ಕೈಯೇ ಕೀಲಿಯನ್ನೂ ಇಟ್ಟುಕೊಂಡಿರುವುದು ನನಗೆ ಹಿಡಿಸಿದೆ.

ಒಟ್ಟಿನಲ್ಲಿ ನನ್ನ ಅಂಕ ಹೀಗಿದೆ. ನಿಯಮದ ಗಟ್ಟಿತನಕ್ಕೆ ಫಿಫೆಗೆ ಐದರಲ್ಲಿ ನಾಲ್ಕೂವರೆ, ಜಿಸಿಸಿಎಫ್‌ಗೆ ನಾಲ್ಕು. ಪಿನ್ ಪದ್ಧತಿಗಾಗಿ ಸಿಎಫ್‌ಎಗೆ ಮೂರೂವರೆ. ಹಿನ್ನೆಲೆಯನ್ನು ಮುಚ್ಚಿಡದೆ ಸಂಖ್ಯೆಯಲ್ಲೇ ಬರೆಯುವ ಟಿಕಾಗೂ ಮೂರೂವರೆ. ಮಂಚ್‌ಕಿನ್ ಇಲ್ಲದಿದ್ದರೆ ಇನ್ನೂ ಅರ್ಧ ಕೊಡುತ್ತಿದ್ದೆ. ಗೆಳತಿಯ ಮರಿಗೆ ಪತ್ರ ಕೊಟ್ಟ ಆ ಹೆಸರಿಲ್ಲದ ಕಚೇರಿಗೆ ಒಂದು. ಅದೂ ಕೊನೆಗೆ ಡಿಎನ್‌ಎ ಫಲಿತಾಂಶ ನೋಡಿ ಅಮ್ಮನ ಹೆಸರು ತಿದ್ದಿ ಹೊಸ ಪತ್ರ ಕಳಿಸಿದ್ದಕ್ಕೆ. ಕೂಡಿಸುವ ಪ್ರತಿ ಬೆಕ್ಕಿನ ಡಿಎನ್‌ಎ ಮೊದಲೇ ದಾಖಲೆಯಲ್ಲಿದ್ದು, ಪ್ರತಿ ಮರಿಯನ್ನೂ ಅದಕ್ಕೆ ತಾಳೆ ನೋಡಿ ಬರೆದುಕೊಳ್ಳುವ ಸಂಸ್ಥೆ ಬಂದ ದಿನ ಐದಕ್ಕೆ ಐದು ಕೊಡುತ್ತೇನೆ.

ಮರಿ ಕೊಳ್ಳುವವರಿಗೆ ಒಂದು ಸಹಾಯ. ಪತ್ರ ಕೈಗೆ ಬಂದ ಕೂಡಲೇ ಪಶುವೈದ್ಯರ ಹತ್ತಿರ ಹೋಗಿ ಚಿಪ್ ಓದಿಸಿ, ಪತ್ರದ 15 ಅಂಕಿಯ ಜೊತೆ ಒಂದೊಂದಾಗಿ ಹೋಲಿಸಿ. ಅಪ್ಪ ಅಮ್ಮರ ಪಿಕೆಡಿ ಫಲಿತಾಂಶ, ಹೃದಯದ ಸ್ಕ್ಯಾನಿನ ದಿನಾಂಕ, ರಕ್ತದ ಗುಂಪು ಕೇಳಿ, ಕಾಗದದಲ್ಲಿ ಕೇಳಿ. ಮಾಲೀಕತ್ವ ಬದಲಾವಣೆಯ ಅರ್ಜಿಗೆ ಬ್ರೀಡರ್ ಸಹಿ ಅಲ್ಲೇ, ಮರಿ ಎತ್ತಿಕೊಳ್ಳುವ ಮೊದಲೇ ಹಾಕಿಸಿ. ಆ ಅರ್ಜಿ ಹೋಗದಿದ್ದರೆ ದಾಖಲೆಯಲ್ಲಿ ಬೆಕ್ಕು ಇನ್ನೂ ಹಳೆಯವರ ಹೆಸರಿನಲ್ಲೇ ಇರುತ್ತದೆ.